ಸೋರದ ಬೈಕಿನ ನೆಪದಲ್ಲಿ

"ಇನ್ನೂ ಸೋರ್ತಾ ಅದಾ?"

ಚೆಲುವರಾಜು ಕೇಳಿದ್ದು ಇಷ್ಟೇ. ಎಷ್ಟೋ ತಿಂಗಳ ಮೇಲೆ ಎದುರು ಬಂದು ನಿಂತ ಹುಡುಗಿಯ ಮುಖ ನೋಡಲಿಲ್ಲ, ಚೆನ್ನಾಗಿದ್ದೀರಾ ಅನ್ನಲಿಲ್ಲ. ಅವನ ಕಣ್ಣು ನೇರವಾಗಿ ಬೈಕಿನ ಇಂಜಿನ್ ಮೇಲೆ ಹೋಯಿತು.

ಅನುಶ್ರೀ ತನ್ನೂರು ಗಾವಡಗೆರೆಯಿಂದ ಭೇರ್ಯದವರೆಗೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ.

"ಇಲ್ಲ... ಸೋರ್ತಿಲ್ಲ."

"ಸರಿ ಬುಡಿ. ಯಾರೋ ಕೆಲ್ಸ ಗೊತ್ತಿರೋ ಮೆಕ್ಯಾನಿಕ್ ಸಿಕ್ಕವ್ನೆ ಅಂಗಾದ್ರೆ."

ಹುಣಸೂರಿನ ನಂಜಣ್ಣನ ಗ್ಯಾರೇಜಿನಲ್ಲಿ ಇಂಜಿನ್ ಕೆಲಸಕ್ಕೆ ಹೆಸರಾಗಿದ್ದ ಹುಡುಗ, ಈಗ ಭೇರ್ಯದಲ್ಲಿ ಪಂಚರ್ ಹಾಕುತ್ತಾ ಕೂತಿದ್ದಾನೆ. ಅವನನ್ನು ಇಲ್ಲಿಗೆ ತಂದು ಕೂರಿಸಿದ್ದು ಯಾರು ಅಂತ ಅವನಿಗೆ ಗೊತ್ತಿಲ್ಲ. ಅವಳಿಗೆ ಗೊತ್ತು.

ನಂಜಣ್ಣನ ಗ್ಯಾರೇಜಿಗೆ ಹೋದ ಮೊದಲ ಸಲ ಬೈಕು ನಿಜವಾಗಿಯೇ ಸೋರಿತ್ತು. ಅಣ್ಣ ಗೂಡ್ಸ್ ಗಾಡಿ ತಗೊಂಡ ಮೇಲೆ ಅವಳ ಪಾಲಿಗೆ ಬಂದ ಬೈಕು ಅದು. ಇಂಜಿನ್ ಮೇಲೆ ಸಿಲಿಂಡರ್ ಹೆಡ್ ಕೂರುವ ಜಾಗದಲ್ಲಿ ಇಂಜಿನ್ ತಂಪಾಗಿಡುವ ಹಸಿರು ನೀರು, ಅಂದರೆ ಕೂಲೆಂಟ್, ಜಿನುಗುತ್ತಿತ್ತು. ಚೆಲುವರಾಜು ಹೆಡ್ ಬಿಚ್ಚಿದ, ಸೋರದಂತೆ ನಡುವೆ ಕೂರಿಸುವ ಹಳೇ ಗ್ಯಾಸ್ಕೆಟ್ ಕೆರೆದು ತೆಗೆದ, ಹೊಸದು ಕೂರಿಸಿ ಬೋಲ್ಟುಗಳನ್ನು ಒಂದೇ ಸಮ ಬಿಗಿದ. ನಡುನಡುವೆ ಅವಳನ್ನು ನಗಿಸಿದ.

"ಇಂಜಿನ್ ಬಿಸಿ ಇರುವಾಗ ಕೈ ಹಾಕ್ಬಾರ್ದು ಕಣ್ರೀ. ಥೇಟ್ ನಮ್ಮವ್ವನ ತರಾನೇ ಇದು."

ವಾರ ಬಿಟ್ಟು ತೋರಿಸಲು ಹೋದಾಗ ಅವನ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. "ಒಂದು ಹನೀನೂ ಕಮ್ಮಿ ಆಗಿಲ್ಲ. ಇನ್ನು ನೀವು ಈ ಕಡೆ ಬರೋದೇ ಬ್ಯಾಡ."

ಬರೋದೇ ಬೇಡವಾ?

ಮನಸ್ಸಿಗೆ ಹಿಡಿಸಿದ ಮೇಲೆ ಬಾಯಿಬಿಟ್ಟು ಹೇಳಬೇಕು ತಾನೆ? ನಮ್ಮ ಹುಡುಗಿ ಮಾಡಿದ ಘನಂದಾರಿ ಕೆಲಸ ಕೇಳಿ. ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ಅವಳು. ಯಾರೇ ಹಾಲಿಗೆ ನೀರು ಬೆರೆಸಿದರೂ ಮುಖಕ್ಕೆ ಹೊಡೆದ ಹಾಗೆ ಹೇಳುವವಳು. ಅಂಥವಳು ದನದ ಡಾಕ್ಟರು ಬಿಟ್ಟುಹೋದ ಸಿರಿಂಜ್ ತಗೊಂಡು, ಬೈಕಿನ ಕೂಲೆಂಟ್ ಡಬ್ಬಿಯಿಂದ ಒಂದಷ್ಟು ಎಳೆದು ಹಿತ್ತಲಿಗೆ ಚೆಲ್ಲಿದಳು! "ಮತ್ತೆ ಕಮ್ಮಿಯಾಗಿದೆ ಕಣ್ರೀ" ಅಂತ ಗ್ಯಾರೇಜಿಗೆ ಹೋಗಿ ನಿಂತಳು.

ಹೊರಗೆ ಒಂದು ಹನಿ ಕಾಣಲ್ಲ, ಒಳಗೇ ಸೋರಿ ಸುಟ್ಟು ಹೋಗ್ತಿರಬೇಕು ಅಂತ ಪಾಪ ಅವನು ಮತ್ತೆ ಹೆಡ್ ಬಿಚ್ಚಿದ. ಅವಳು ಮತ್ತೆ ಎಳೆದು ಚೆಲ್ಲಿದಳು. ಅವನು ಮತ್ತೆ ಬಿಚ್ಚಿದ. ಅವನ ಮುಖ ದಿನದಿನಕ್ಕೆ ಸಣ್ಣಗಾಗುತ್ತಿದ್ದದ್ದು ಅವಳಿಗೆ ಕಾಣಲೇ ಇಲ್ಲ. ಪಕ್ಕದಲ್ಲಿ ಕೂರುವ ಖುಷಿಯಲ್ಲೇ ಮೈಮರೆತಿದ್ದಳು.

ಕೊನೆಗೊಂದು ದಿನ ನಂಜಣ್ಣ ಗಿರಾಕಿಗಳ ಎದುರೇ ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡ. "ಒಂದು ಹೆಡ್ ಕೂರ್ಸಕ್ಕೆ ಬರ್ದೇ ಇದ್ಮೇಲೆ ಮೆಕ್ಯಾನಿಕ್ ಅಂತ ಯಾಕ್ಲಾ ಏಳ್ಕತೀಯ?"

ಅನುಶ್ರೀ ಅಲ್ಲೇ ನಿಂತಿದ್ದಳು. ತುಟಿ ಎರಡು ಮಾಡಲಿಲ್ಲ. ಮಾರನೇ ದಿನದಿಂದ ಅವನು ಗ್ಯಾರೇಜಿಗೆ ಬರಲಿಲ್ಲ, ಅವಳ ಫೋನೂ ಎತ್ತಲಿಲ್ಲ. ಭೇರ್ಯದಲ್ಲಿದ್ದಾನೆ ಅಂತ ಅವಳ ಕಿವಿಗೆ ಬಿದ್ದದ್ದು ಎಷ್ಟೋ ತಿಂಗಳ ಮೇಲೆ.

ಈಗ, ಭೇರ್ಯದಲ್ಲಿ ಅವಳು ಬೈಕಿಗೆ ಸ್ಟ್ಯಾಂಡ್ ಹಾಕುತ್ತಿರುವಾಗಲೇ, ಯಜಮಾನರೊಬ್ಬರು ಬೈಕು ತಳ್ಳಿಕೊಂಡು ಪಂಚರ್ ಅಂಗಡಿಗೆ ಬಂದರು. "ತಮ್ಮಾ, ಇಂಜಿನ್ನಿಂದ ಹಸಿರು ನೀರು ಬತ್ತಾ ಅದೆ. ವಸಿ ನೋಡಪ್ಪ."

ಚೆಲುವರಾಜು ಬಗ್ಗಿದ. ಹೆಡ್ ಹತ್ತಿರ ಬೆರಳು ಒಯ್ದ... ಹಿಂದಕ್ಕೆ ತಗೊಂಡ. "ಕೆ.ಆರ್. ನಗರಕ್ಕೆ ತಗೊಂಡೋಗಿ ಯಜಮಾನ್ರೆ. ನಂಗೆ ಆ ಕೆಲ್ಸ ಬರಲ್ಲ."

ಯಜಮಾನರು ಬೈಕು ತಳ್ಳಿಕೊಂಡು ಹೊರಟರು. ಅನುಶ್ರೀ ಹಿಂದೆ ಸರಿದ ಆ ಬೆರಳನ್ನೇ ನೋಡಿದಳು. 'ಹೇಳಿದ್ರೆ ಇವರು ಇನ್ನು ನನ್ನ ಮುಖ ನೋಡಲ್ಲ. ಹೇಳದಿದ್ರೆ ಜನ್ಮದಲ್ಲಿ ಇಂಜಿನ್ ಮುಟ್ಟಲ್ಲ...'

"ಬರುತ್ತೆ ನಿಮಗೆ," ಅಂದಳು. "ನಮ್ಮ ಬೈಕನ್ನ ನೀವು ಮೊದಲನೇ ಸಲಾನೇ ಸರಿ ಮಾಡಿದ್ರಿ. ಆಮೇಲೆ ಅದು ಸೋರಲೇ ಇಲ್ಲ. ನಾನೇ... ಸಿರಿಂಜ್ ಹಾಕಿ ಎಳೆದು ಚೆಲ್ತಿದ್ದೆ."

ಅವನು ಬೈಕಿನ ಕಡೆ ನೋಡಿದ, ಆಮೇಲೆ ಅವಳ ಕಡೆ.

"ಯಾಕೆ?"

"ಇನ್ನು ಬರೋದೇ ಬ್ಯಾಡ ಅಂದ್ರಲ್ಲ... ನಂಗೆ ಬರ್ಬೇಕು ಅನ್ನಿಸ್ತಿತ್ತು."

ಚೆಲುವರಾಜು ತನ್ನ ಎರಡೂ ಕೈ ನೋಡಿಕೊಂಡ. "ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಅನ್ನ ನೀರು ಬುಟ್ಟು ಯೋಚ್ನೆ ಮಾಡ್ದೆ ಕಣ್ರೀ. ಅವತ್ತು ಎಲ್ಲಾರ ಮುಂದೆ ಅನ್ನಿಸ್ಕಂಡೆ. ನೀವು ಈಗ ಇಲ್ಲಿ ಬಂದು ನನ್ನೊಬ್ನಿಗೆ ಮೆಲ್ಲಗೆ ಏಳ್ತಾ ಇದ್ದೀರಿ. ಓಗಿ."

ಅವಳು ಹೋದಳು. ಮನೆಗಲ್ಲ, ಹುಣಸೂರಿಗೆ.

ನಂಜಣ್ಣನ ಗ್ಯಾರೇಜಿನಲ್ಲಿ ಜನ ತುಂಬಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದಳು. ಸಿರಿಂಜ್, ಸುಳ್ಳು, ಅದಕ್ಕೆ ಕಾರಣ, ಯಾವುದನ್ನೂ ಮುಚ್ಚಿಡಲಿಲ್ಲ. ಯಾರೋ ಕಿಸಕ್ಕೆಂದು ನಕ್ಕರು. ಇನ್ಯಾರೋ ಇದು ಯಾರ ಮನೆ ಹುಡುಗಿ ಅಂದರು.

"ನಿಮ್ಮನೆವ್ರಿಗೆ ಗೊತ್ತಾದ್ರೆ ಏನವ್ವಾ ಗತಿ?" ನಂಜಣ್ಣ ಮೆತ್ತಗೆ ಕೇಳಿದ.

"ಗೊತ್ತಾಗ್ಲಿ."

ಅವಳು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವ್ವ ಸುನಂದಮ್ಮ ಬಾಯಿಗೆ ಬಂದ ಹಾಗೆ ಬೈದು, ಆಮೇಲೆ ಮಾತೇ ಬಿಟ್ಟಳು. ಅನುಶ್ರೀ ಅದಕ್ಕೆ ಅಳಲಿಲ್ಲ. ಒಂದು ಫೋನೂ ಬರಲಿಲ್ಲವಲ್ಲ, ಅದಕ್ಕೆ ಅತ್ತಳು. ಕೈಯಾರೆ ಹಾಳು ಮಾಡಿಕೊಂಡೆ ಅಂತ ಅತ್ತಳು.

ಹೀಗೇ ದಿನ ಕಳೆಯುತ್ತಿರುವಾಗ ಒಂದು ಬೆಳಿಗ್ಗೆ, ಡೈರಿಯಲ್ಲಿ ಹಾಲು ಹಾಕುವವರ ಸಾಲು ಕರಗಿದ ಮೇಲೆ, ಕ್ಯಾನಿಲ್ಲದೆ ಒಬ್ಬ ಬಂದು ನಿಂತ. ತಲೆ ಎತ್ತಿದರೆ ಚೆಲುವರಾಜು. ಉಗುರಿನ ಸಂದಿಯಲ್ಲಿ ಇಂಜಿನ್ ಮಸಿ.

"ನಂಜಣ್ಣ ಭೇರ್ಯಕ್ಕೇ ಬಂದು ಕರ್ಕಂಡೋದ. ನೆನ್ನೆ ಒಂದು ಹೆಡ್ ಬಿಚ್ಚಿ ಕೂರ್ಸಿದೆ."

ಅವಳ ಕಣ್ಣು ತುಂಬಿ ಬಂತು. "ಈಗ... ಏನು ಬೇಕಿತ್ತು?"

"ಏನೂ ಇಲ್ಲ. ನಿಮ್ಮನ್ನ ನೋಡ್ಬೇಕು ಅನ್ನುಸ್ತು, ಬಂದೆ."

ಅವಳು ಸೆರಗಿನಂತೆ ಹೊದ್ದಿದ್ದ ವೇಲಿನಿಂದ ಕಣ್ಣೊರೆಸಿಕೊಂಡಳು.

"ಸಿಟ್ಟು ಇನ್ನೂ ಓಗಿಲ್ಲ ಕಣ್ರೀ," ಅಂದ ಅವನು.

"ಹೋಗೋವರ್ಗೂ ಬರ್ತಿರಿ."

"ಅದು ಬ್ಯಾಗ ಓಗೋ ಸಿಟ್ಟಲ್ಲ."

"ನಾನೂ ಇಲ್ಲೇ ಇರ್ತೀನಿ ಬಿಡಿ."