ಎರಡನೆಯ ಹೆಣ

ಬೀದರಿನ ಹೊಲದಲ್ಲೊಂದು, ಕೊಪ್ಪಳದ ಲಾಡ್ಜಿನಲ್ಲೊಂದು, ಗದಗಿನ ರೈಲುಹಳಿಯ ಪಕ್ಕ ಇನ್ನೊಂದು. ಮೂರೂ ಕೊಲೆ ಒಂದೇ ಕೈಯವು ಎಂದು ‘ಹೆಣಿಗೆ’ ಯಂತ್ರ ಹೇಳಿದಾಗ ಧಾರವಾಡದ ಪ್ರಯೋಗಾಲಯದಲ್ಲಿ ಚಪ್ಪಾಳೆ ಬಿದ್ದಿತು. ಹೊತ್ತು ಮುಳುಗುವುದರೊಳಗೆ ಕೊಲೆಗಾರ ಸಿಕ್ಕಿಬಿದ್ದ.

ಆ ಯಂತ್ರವನ್ನು ಕಟ್ಟಿದವರು ಡಾ. ನಸೀಮಾ ಮುಲ್ಲಾ. ಪ್ರತಿ ಕೊಲೆಯಲ್ಲೂ ಆಕಸ್ಮಿಕವಿರುತ್ತದೆ, ಕೊಂದವನ ರೂಢಿಯೂ ಇರುತ್ತದೆ. ಎರಡು ಕೊಲೆಗಳನ್ನು ಒಂದರ ಮೇಲೊಂದಿಟ್ಟು ನೋಡಿದರೆ ಆಕಸ್ಮಿಕ ಜಾರಿಹೋಗಿ ರೂಢಿ ಉಳಿಯುತ್ತದೆ. ಆ ರೂಢಿಯನ್ನು ಯಂತ್ರ ನಾಡಿನ ಕ್ಯಾಮೆರಾಗಳಲ್ಲೆಲ್ಲ ಹುಡುಕುತ್ತದೆ. ಇಂಥ ಯಂತ್ರ ಬಂದ ಮೇಲೆ ಠಾಣೆಗಳಲ್ಲಿ ತನಿಖೆಯ ಪೊಲೀಸರನ್ನು ಇಟ್ಟುಕೊಳ್ಳುವುದು ದಂಡವೆಂದು ಸರಕಾರಕ್ಕೆ ಅನ್ನಿಸಿತು.

ತನಿಖೆ ಮಾಡುವವರು ಯಾರೂ ಇಲ್ಲವೆಂದು ಠಾಣೆಯವರು ಸಾಗಹಾಕಿದ್ದರಿಂದಲೇ ಫಕೀರವ್ವ ಪ್ರಯೋಗಾಲಯಕ್ಕೆ ಬಂದಿದ್ದಳು. ಹೊಲಿಗೆ ಕಾರ್ಖಾನೆಯಿಂದ ಮರಳುತ್ತಿದ್ದ ಮಗಳು ಸುಗಂಧಾಳನ್ನು ಯಾರೋ ಕತ್ತು ಹಿಸುಕಿ ಕೊಂದಿದ್ದರು.

“ಒಂದ ಕಡೆ, ಒಮ್ಮೆಗೇ ಭಾಳ ಮಂದೀನ್ನ ಕೊಂದ್ರ ಅದು ಸಾಮೂಹಿಕ ಹತ್ಯೆ,” ನಸೀಮಾ ತಿಳಿಸಿ ಹೇಳಿದರು. “ತಡೀದಂಗ ಊರೂರು ತಿರುಗಿ ಕೊಂದ್ರ ಅದು ಬ್ಯಾರೆ. ಸರಣಿ ಕೊಲೆಗಾರ ಹಂಗಲ್ಲ, ಅವ್ವಾ. ಒಬ್ಬರನ್ನ ಕೊಂದು ಮನೀಗೆ ಹೋಗ್ತಾನ, ಉಣ್ತಾನ, ಕೆಲಸಕ್ಕ ಹೋಗ್ತಾನ. ತಣ್ಣಗಾಗಿ ಕುಂತು, ಮತ್ಯಾವಾಗೋ ಇನ್ನೊಬ್ಬರನ್ನ ಕೊಲ್ತಾನ. ಹೆಣಿಗಿಗೆ ತಿಳಿಯೋದು ಅಂಥವ ಒಬ್ಬನ.”

“ನನ್ನ ಮಗಳನ್ನ ಕೊಂದಾಂವ?”

“ಇನ್ನೊಂದು ಕೊಲಿ ಆಗೂತನಕ ಗೊತ್ತಾಗಂಗಿಲ್ಲ, ಅವ್ವಾ.”

ಫಕೀರವ್ವ ಎದ್ದು ಹೋದಳು.

ಮಳೆಗಾಲ ಕಳೆದ ಮೇಲೆ ಬಾಗಲಕೋಟೆಯಲ್ಲಿ ನರ್ಸೊಬ್ಬಳ ಹೆಣ ಸಿಕ್ಕಿತು. ಹೆಣಿಗೆ ಅದನ್ನು ಸುಗಂಧಾಳ ಸಾವಿಗೆ ಜೋಡಿಸಿತು. ಅಂದೇ ಬಸ್ ಡ್ರೈವರನೊಬ್ಬನ ಕೈಗೆ ಬೇಡಿ ಬಿತ್ತು. ಸುದ್ದಿಯನ್ನು ತಾವೇ ಮುಟ್ಟಿಸಬೇಕೆಂದು ನಸೀಮಾ ಫಕೀರವ್ವನ ಮನೆಗೆ ಹೋದರು. ಅವಳ ಮುಖ ಅರಳಲಿಲ್ಲ.

“ಆ ಹುಡುಗಿಗೆ ತಾಯಿ ಅದಾಳೇನ್ರಿ ಬಾಯಾರ?”

“ಅದಾಳ.”

“ದಿನಾ ಟಿವಿ ಮುಂದ ಕುಂತು, ಇನ್ನೊಂದು ಹೆಣ ಬೀಳ್ಲಿ ಅಂತ ಕಾದೀನ್ರಿ. ನನ್ನ ಬಾಯಿಗಿ ಮಣ್ಣ ಬೀಳ್ಲಿ. ಈಗ ಆಕಿ ಮುಂದ ಯಾವ ಮಾರಿ ಇಟಗೊಂಡು ನಿಲ್ಲಲಿ?”

ನಸೀಮಾ ಮರಳಿ ಬಂದು, ಒಂಟಿ ಕೊಲೆಗಳಿಗೆ ಮತ್ತೆ ಪೊಲೀಸರನ್ನು ನೇಮಿಸಿ ಎಂದು ಮೇಲಧಿಕಾರಿಯನ್ನು ಬೇಡಿಕೊಂಡರು.

“ಒಂದೊಂದು ಸಾವಿನ ಹಿಂದೆ ಯಾರು ಓಡ್ತಾರ್ರಿ, ಮೇಡಂ?” ಎಂದು ಆತ ನಕ್ಕ. “ನಿಮ್ಮ ಯಂತ್ರ ಬರೋಕ್ಕಿಂತ ಮುಂಚೆ ಮಾತ್ರ ಯಾರು ಓಡ್ತಿದ್ರು?”

ಪ್ರಯೋಗಾಲಯದ ಹೊರಗಿನ ಬೆಂಚಿನ ಮೇಲೆ, ಕೊಲೆಯಾದ ಹುಡುಗನೊಬ್ಬನ ತಂದೆ ಕೈಕಟ್ಟಿ ಕೂತಿದ್ದ. ಅವರನ್ನು ಕಂಡದ್ದೇ ಎದ್ದು ನಿಂತ. ನಸೀಮಾ ಅವನಿಗೆ ಮುಖ ಕೊಡಲಾರದೆ, ನೆಲ ನೋಡುತ್ತ ಒಳಗೆ ನಡೆದರು.