ಹೆಸರಿನ ಪಕ್ಕದ ಗುರುತು

“ಇಲ್ಲಿ ಹೆಸರಿನ ಪಕ್ಕ ಸಣ್ಣ ಕತ್ತಿ ಥರ ಏನೋ ಇತ್ತು ಮೇಡಂ. ಪ್ರಿಂಟ್ ಮಿಸ್ಟೇಕ್ ಅನ್ಕೊಂಡು ತೆಗೆದುಬಿಟ್ಟೆ,” ಎಂದು ಡಿಸೈನರ್ ನಗುತ್ತ ಸ್ಕ್ರೀನನ್ನು ಸಂಪಾದಕಿಯ ಕಡೆ ತಿರುಗಿಸಿದ.

“ಮಿಸ್ಟೇಕ್ ಅಲ್ಲ. ಲೇಖಕರು ತೀರಿಕೊಂಡಿದ್ದಾರೆ ಅಂತ ಅರ್ಥ.”

“ಓ... ನಿಮಗೆ ಗೊತ್ತಿದ್ದೋರಾ?”

“ನನ್ನ ಗಂಡ.”

ಅವನ ನಗು ಅಲ್ಲೇ ಇಂಗಿತು. ತಕ್ಷಣ ಗುರುತನ್ನು ಮರಳಿ ಕೂರಿಸಿದ ಅವನನ್ನು ಬೈಯಲು ಅವಳಿಗೆ ಮನಸ್ಸು ಬರಲಿಲ್ಲ.

ಆ ಸಂಶೋಧನಾ ಪತ್ರಿಕೆಗೆ ಹೊಸ ರೂಪ ಕೊಡುವ ಕೆಲಸ ಇಬ್ಬರದೂ. ಎರಡು ಕಾಲಮ್ಮಿನ ಇಕ್ಕಟ್ಟು ಹೋಗಿ ಅಗಲವಾದ ಒಂದೇ ಕಾಲಮ್ ಬರಬೇಕು. ಪುಟದಡಿಯ ಟಿಪ್ಪಣಿಗಳೆಲ್ಲ ಲೇಖನದ ಕೊನೆಗೆ ಹೋಗಬೇಕು. ಗಂಡ ಅರ್ಧಕ್ಕೇ ಬಿಟ್ಟುಹೋದ ಲೇಖನವನ್ನು ಅವಳೇ ಪೂರ್ತಿ ಮಾಡಿ ಮೊದಲ ಸಂಚಿಕೆಗೆ ಇಟ್ಟಿದ್ದಳು.

“ಒಂದು ಕಾಮಾಗೆ ಇಷ್ಟು ಜಗಳ ಆಡೋರನ್ನ ನಾನು ನೋಡೇ ಇಲ್ಲ,” ಎನ್ನುವನು.

“ನೀವು ಮಾಡಿರೋದೆಲ್ಲ ಮದುವೆ ಕಾರ್ಡೇ ಇರಬೇಕು.”

ಅವನು ಓರೆಗಣ್ಣಲ್ಲಿ ನೋಡಿ, ತುಟಿ ಕಚ್ಚಿ ನಗು ತಡೆಯುವನು. ಒಮ್ಮೆ ಅವಳಿಗೂ ನಗು ಉಕ್ಕಿತು. ಮರುಗಳಿಗೆ ಬಾತ್‌ರೂಮಿಗೆ ಓಡಿ, ಏನೋ ಕದ್ದವಳಂತೆ, ನಲ್ಲಿ ಬಿಟ್ಟುಕೊಂಡು ಅತ್ತಳು.

ಗಂಡನ ಲೇಖನದ ಒಂದು ಉಲ್ಲೇಖದ ಮೂಲ ಮಾತ್ರ ಎಲ್ಲೂ ಸಿಗಲಿಲ್ಲ. “ಆ ಸಾಲೇ ತೆಗೆದುಬಿಡೋಣ,” ಎಂದಳು ಸೋತು. ಅವನು ಒಪ್ಪಲಿಲ್ಲ. ಲೈಬ್ರರಿಗಳನ್ನೆಲ್ಲ ಜಾಲಾಡಿ, ಧೂಳು ಮೆತ್ತಿದ ಅಂಗಿಯಲ್ಲೇ ಬಂದು ಹಳೆಯ ಪುಟವೊಂದರ ಫೋಟೊ ತೋರಿಸಿದ.

“ವರ್ಷ ತಪ್ಪಾಗಿ ಬರೆದಿದ್ರು, ಅಷ್ಟೇ.”

“ಇಷ್ಟೆಲ್ಲ ಯಾಕೆ ಮಾಡಿದ್ರಿ?”

“ನೀವಂದ್ರೆ ನನಗೆ ಇಷ್ಟ. ಹಾಗಂತ ಅವರನ್ನ ಎಬ್ಬಿಸಿ ಆ ಜಾಗದಲ್ಲಿ ಕೂತ್ಕೊಳ್ಳೋ ಆಸೆ ಇಲ್ಲ.”

ಅವಳು ಫೋಟೊದಿಂದ ಕಣ್ಣೆತ್ತಿದಳು. “ಮನೇಲಿ ಅತ್ತೆ ಇದ್ದಾರೆ. ಮಗ ಹೋದ್ಮೇಲೆ ಅವರಿಗೆ ನಾನೊಬ್ಬಳೇ. ಬಿಟ್ಟು ಬರೋಕಾಗಲ್ಲ.”

“ಬಿಟ್ಟು ಬನ್ನಿ ಅಂತ ನಾನೆಲ್ಲಿ ಕೇಳಿದೆ?”

ಸಂಚಿಕೆ ಬಂದ ದಿನ ಇಬ್ಬರೂ ಅವಳ ಮನೆಗೆ ಹೋದರು. ಅತ್ತೆ ಮಗನ ಲೇಖನದ ಮೇಲೆ ಬೆರಳಾಡಿಸಿದರು. ಕಣ್ಣಲ್ಲಿ ನೀರಿರಲಿಲ್ಲ, ಅದು ಎಂದೋ ಬತ್ತಿತ್ತು. ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಇವಳು ಫೋನಲ್ಲಿ ನಗ್ತಿದ್ದದ್ದು ನಿನ್ನ ಹತ್ರಾನಾ?”

“ಹೌದಮ್ಮ.”

“ಅದನ್ನ ಕೇಳಿ ನನ್ನ ಹೊಟ್ಟೆ ಉರೀತು. ನನ್ನ ಮಗ ಮಣ್ಣಲ್ಲಿ, ಇವಳು ನಗೋದಾ ಅಂತ.” ಅವರು ಸಂಚಿಕೆಯನ್ನು ಮುಚ್ಚಿದರು. “ಈಗ್ಲೂ ಉರೀತಿದೆ.”

ಅವನು ಬಾಗಿಲ ಕಡೆ ತಿರುಗಿದ. ಸೊಸೆ ಅವನ ಕೈ ಹಿಡಿದು ನಿಲ್ಲಿಸಿದಳು, ಅತ್ತೆಯ ಕಣ್ಣೆದುರೇ.

ಅತ್ತೆ ಆ ಕೈಗಳನ್ನೇ ನೋಡುತ್ತ ಕುಳಿತರು. ಕೊನೆಗೆ ಪಕ್ಕದ ಕುರ್ಚಿಯ ಮೇಲಿದ್ದ ಒಗೆದ ಬಟ್ಟೆಗಳನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು.

“ನಿಂತ್ಕೊಂಡೇ ಇರ್ತೀಯಾ? ಕೂತ್ಕೋ.”