ಆರು ಸೆಕೆಂಡು

"ನಿನಗೆ ಆಟದ ವಿಮಾನವೇ ಸರಿ ಕಣಯ್ಯಾ."

ಹದಿನೆಂಟು ವರ್ಷದ ಹಿಂದೆ, ಪೈಲಟ್ ಪರೀಕ್ಷೆಯಲ್ಲಿ ಅವನನ್ನು ಫೇಲು ಮಾಡಿದ ಕ್ಯಾಪ್ಟನ್, ಹನ್ನೊಂದು ಜನರ ಎದುರಿಗೆ ಹೇಳಿದ ಮಾತು ಅದು. ಹನ್ನೊಂದು ಜನವೂ ನಕ್ಕಿದ್ದರು. ಮಗ ಪೈಲಟ್ ಆಗುತ್ತಾನೆಂದು ಬೀದಿಗೆಲ್ಲ ಸಾರಿಕೊಂಡು ಬಂದಿದ್ದ ಅಮ್ಮ, ಆಮೇಲೆ ಎಷ್ಟೋ ತಿಂಗಳು ಯಾರಿಗೂ ಮುಖ ತೋರಿಸದೆ ಸುತ್ತು ದಾರಿಯಲ್ಲೇ ಓಡಾಡಿದಳು. ಫೇಲಾದದ್ದನ್ನು ಅವನು ಎಂದೋ ನುಂಗಿಕೊಂಡಿದ್ದ. ಆ ನಗು ಮಾತ್ರ ಗಂಟಲಿನಿಂದ ಕೆಳಗಿಳಿದಿರಲಿಲ್ಲ.

ಈಗ ಅವನು ವಿಮಾನ ಅಪಘಾತ ತನಿಖಾ ಕಚೇರಿಯ ಸಿಮ್ಯುಲೇಟರ್ ಎಂಜಿನಿಯರ್. ಬ್ಲ್ಯಾಕ್ ಬಾಕ್ಸಿನ ಅಂಕಿಗಳನ್ನು ಕೃತಕ ಕಾಕ್‌ಪಿಟ್ಟಿಗೆ ಉಣಿಸಿ, ಆಗಿಹೋದ ಅಪಘಾತವನ್ನು ಮತ್ತೆ ಆಗಿಸಿ ತೋರಿಸುವುದು ಅವನ ಕೆಲಸ. ಹೋದ ತಿಂಗಳು ಒಂದು ವಿಮಾನ ಮಳೆಯಲ್ಲಿ ಇಳಿದು, ರನ್‌ವೇ ಮುಗಿದರೂ ನಿಲ್ಲದೆ, ಆಚೆಯ ಹಳ್ಳಕ್ಕೆ ನುಗ್ಗಿತು. ಏಳು ಜನ ಸತ್ತರು. ಓಡಿಸುತ್ತಿದ್ದವನು ಅದೇ ಕ್ಯಾಪ್ಟನ್. ಕಾಲು ಮುರಿದುಕೊಂಡು ಬದುಕಿದ. ಕಡತ ಮೇಜಿಗೆ ಬಂದ ದಿನ ಎಂಜಿನಿಯರನಿಗೆ ಆ ಏಳು ಹೆಣಗಳು ಕಣ್ಣಿಗೇ ಕಟ್ಟಲಿಲ್ಲ. ಹಳೆಯ ನಗು ಕೇಳಿಸಿತು, ಮೈ ಉರಿದುಹೋಯಿತು.

ಪ್ರಶ್ನೆ ಇದ್ದದ್ದು ಒಂದೇ. ಎಂಜಿನ್ನಿನ ಬಲವನ್ನು ಹಿಮ್ಮುಖ ಮಾಡಿ ವಿಮಾನವನ್ನು ತಡೆಯುವ ರಿವರ್ಸ್ ಹಿಡಿಯನ್ನು ಕ್ಯಾಪ್ಟನ್ ಆರು ಸೆಕೆಂಡು ತಡವಾಗಿ ಎಳೆದಿದ್ದ. ಸಮಯಕ್ಕೆ ಸರಿಯಾಗಿ ಎಳೆದಿದ್ದರೆ? ಎಂಜಿನಿಯರ್ ಬಾಗಿಲು ಹಾಕಿಕೊಂಡು ಒಬ್ಬನೇ ಸಿಮ್ಯುಲೇಟರಿನಲ್ಲಿ ಓಡಿಸಿ ನೋಡಿದ. ಆಗಲೂ ನಿಲ್ಲಲಿಲ್ಲ. ರನ್‌ವೇ ಮೇಲೆ ಅಷ್ಟು ನೀರು ನಿಂತಿತ್ತು. ತಪ್ಪು, ಆ ನೀರಿಗೆ ಹರಿಯಲು ದಾರಿ ಮಾಡದವರದು. ಕ್ಯಾಪ್ಟನ್ ಎಂದಿನಂತೆ ಪಾಸು.

ಹಾಗಾಗಲು ಬಿಟ್ಟಾನೆಯೆ? ಮೂರು ವಾರ ಪಟ್ಟುಹಿಡಿದು ಕೂತು ಎರಡೇ ಎರಡು ಅಂಕಿ ತಿದ್ದಿದ. ಸಿಮ್ಯುಲೇಟರಿನ ಬ್ರೇಕನ್ನು ದುರ್ಬಲ ಮಾಡಿದ, ರಿವರ್ಸನ್ನು ಬಲ ಮಾಡಿದ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿದ್ದುದರಿಂದ, ನಡೆದ ಅಪಘಾತ ಒಂದು ಗೇಣೂ ತಪ್ಪದೆ ಹಾಗೇ ನಡೆಯುತ್ತಿತ್ತು: ಅದೇ ವೇಗ, ಅದೇ ಹಳ್ಳ. ಆದರೆ ಹಿಡಿಯನ್ನು ಆರು ಸೆಕೆಂಡು ಮೊದಲು ಎಳೆದರೆ ವಿಮಾನ ರನ್‌ವೇ ಮೇಲೇ ನಿಲ್ಲುತ್ತಿತ್ತು, ಕ್ಯಾಪ್ಟನ್ ನೆಟ್ಟಗೆ ಜೈಲಿಗೆ ಹೋಗುತ್ತಿದ್ದ. ಅನುಮಾನ ಬಂದವರು ಅಪಘಾತವನ್ನೇ ತಾನೆ ತಾಳೆ ನೋಡುವುದು? ನೋಡಲಿ. ಹಳೆಯ ಅಂಕಿಗಳ ಸುಳಿವನ್ನೂ ಅವನು ಅಳಿಸಿಹಾಕಿದ.

"ಏನ್ರೀ, ಬೆಳಿಗ್ಗೆಯಿಂದ ಹಾಡು ಗುನುಗ್ತಾ ಇದ್ದೀರಾ?" ಎಂದಳು ಹೆಂಡತಿ, ಅವನು ಶೂ ಕಟ್ಟಿಕೊಳ್ಳುವಾಗ.

"ಹಳೇ ಪರೀಕ್ಷೆ ಒಂದಿತ್ತು ಕಣೇ. ಇವತ್ತು ರಿಸಲ್ಟು."

ತನಿಖಾಧಿಕಾರಿಗಳ ಎದುರು ಹಾಜರಾಗಲು ಸಿಮ್ಯುಲೇಟರ್ ಕೋಣೆಗೆ ಕ್ಯಾಪ್ಟನ್ ಊರುಗೋಲಿನ ಮೇಲೆ ಬಂದ. ಎಂಜಿನಿಯರನ ಮುಖ ನೋಡಿ, ಗುರುತೇ ಸಿಗದೆ, "ನಮಸ್ಕಾರ ಸರ್" ಅಂದ. ಮರೆತುಬಿಟ್ಟಿದ್ದಾನೆ, ಬಡ್ಡೀಮಗ! ಮೊದಲ ಓಟದಲ್ಲಿ ವಿಮಾನ ಹಳ್ಳಕ್ಕೆ ಬಿತ್ತು. ಹಿಡಿಯನ್ನು ಆರು ಸೆಕೆಂಡು ಮೊದಲು ಎಳೆದ ಎರಡನೆಯದರಲ್ಲಿ ಇನ್ನೂರು ಮೀಟರ್ ಉಳಿಸಿಕೊಂಡು ನಿಂತಿತು. ಕ್ಯಾಪ್ಟನ್ ತೆರೆಯನ್ನೇ ನೋಡುತ್ತ, "ಹಾಗಾದ್ರೆ ಏಳು ಜನಾನೂ ನಾನೇ..." ಎಂದು ಮುಖ ಮುಚ್ಚಿಕೊಂಡು ಅತ್ತ. ಅಳಲಿ, ಇನ್ನೂ ಅಳಲಿ ಅಂದುಕೊಂಡ ಎಂಜಿನಿಯರ್. ಎದೆಯ ಉರಿ ಮಾತ್ರ ಅವನು ಎಣಿಸಿದಷ್ಟು ಆರಲಿಲ್ಲ.

ಮುಖ್ಯ ತನಿಖಾಧಿಕಾರಿ ಮೇಡಂ ಟಿಪ್ಪಣಿ ಪುಸ್ತಕ ಮುಚ್ಚಲಿಲ್ಲ. "ಇನ್ನೊಂದು ಓಡಿಸಿಬಿಡಿ. ಅವತ್ತು ಬೆಳಿಗ್ಗೆ ಇದೇ ವಿಮಾನ ಇದೇ ರನ್‌ವೇಲಿ ಇಳಿದಿತ್ತಲ್ಲ, ಅದನ್ನ. ತಕ್ಕಡಿ ನಂಬೋ ಮುಂಚೆ ನಾನು ತೂಕ ಗೊತ್ತಿರೋ ಕಲ್ಲಿಟ್ಟು ನೋಡ್ತೀನಿ." ಬ್ಲ್ಯಾಕ್ ಬಾಕ್ಸಿನಲ್ಲಿ ಇಪ್ಪತ್ತೈದು ಗಂಟೆಯ ಹಾರಾಟ ಇರುತ್ತದೆ. ಎಲ್ಲ ಕಡತದಲ್ಲೂ ಕೊನೆಯ ನಾಲ್ಕು ನಿಮಿಷ ಕತ್ತರಿಸಿಕೊಂಡು ಮಿಕ್ಕದ್ದನ್ನು ಬದಿಗಿಡುವುದು ಎಂಜಿನಿಯರನ ರೂಢಿ. ಈ ಸಲವೂ ಮಿಕ್ಕದ್ದನ್ನು ಅವನು ತೆರೆದು ನೋಡಿರಲಿಲ್ಲ. ಆ ಬೆಳಿಗ್ಗೆ ರನ್‌ವೇ ಒಣಗಿತ್ತು. ಕ್ಯಾಪ್ಟನ್ ರಿವರ್ಸ್ ಮುಟ್ಟದೆ ಬರೀ ಬ್ರೇಕಿನಲ್ಲಿ ವಿಮಾನ ನಿಲ್ಲಿಸಿದ್ದ, ಜನ ಇಳಿದು ತಮ್ಮ ತಮ್ಮ ಮನೆಗೆ ಹೋಗಿದ್ದರು. ತೆರೆಯ ಮೇಲೆ ಅದೇ ವಿಮಾನ ಇಳಿಯಿತು, ಓಡಿತು, ನಿಲ್ಲಬೇಕಾದ ಜಾಗ ದಾಟಿತು, ರನ್‌ವೇ ದಾಟಿತು, ನೂರಾ ಅರವತ್ತು ಜನರ ಸಮೇತ ಹಳ್ಳಕ್ಕೆ ಬಿತ್ತು. ಕ್ಯಾಪ್ಟನ್ ಅಳು ನಿಲ್ಲಿಸಿ ತಲೆಯೆತ್ತಿದ. ಮೇಡಂ ಎಂಜಿನಿಯರನ ಕಡೆ ತಿರುಗಿ, "ಬ್ರೇಕಿನ ಅಂಕಿ ತಿದ್ದೋ ಅಧಿಕಾರ ಯಾರ್‍ಯಾರಿಗೆ ಇದೆ?" ಎಂದು ಕೇಳಿದರು. ಇಡೀ ಕಚೇರಿಯಲ್ಲಿ ಅದು ಇದ್ದದ್ದು ಅವನೊಬ್ಬನಿಗೇ.